ಕಾವಲುಗಾರನೇ ಬಾಗಿಲಿಗೆ ಅಡ್ಡವಾದಾಗ



ಕಳೆದ ತಿಂಗಳು ಗೃಹಪ್ರವೇಶವೊಂದರ ನಿಮಿತ್ತ ನಾವು ಮೊಳಕಾಲ್ಮೂರಿಗೆ ಹೋಗಬೇಕಾಗಿ ಬಂದಿತು. ಚಳ್ಳಕೆರೆಯಿಂದ ತಳಕಿನ ಮಾರ್ಗವಾಗಿ ಬೆಳಗಿನ ಬಸ್ಸಿನಲ್ಲಿ ಹೊರಟು, ಕಾರ್ಯವನ್ನು ಮುಗಿಸಿದ ಮೇಲೆ, ಬಹುಕಾಲದಿಂದ ಪರಿಚಿತರಾದ ನೇಕಾರ ಮನೆತನವೊಂದಕ್ಕೆ ಭೇಟಿಯಿತ್ತೆವು. ಮೂರು ತಲೆಮಾರುಗಳಿಂದ ರೇಷ್ಮೆಸೀರೆಯನ್ನು ನೇಯುತ್ತ ಬಂದ ಮನೆಯದು. ಮೊಳಕಾಲ್ಮೂರು ಸೀರೆಯ ಹಿರಿಮೆಯನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಭೌಗೋಳಿಕ ಗುರುತಿನ ಮನ್ನಣೆಯನ್ನೂ ಅದು ಪಡೆದಿದೆ. ಆ ಮನೆಯಲ್ಲಿ ತಂದೆ ಇಂದಿಗೂ ಕೈಮಗ್ಗದ ಮುಂದೆ ಕುಳಿತುಕೊಳ್ಳುತ್ತಾರೆ. ಪದವೀಧರನಾದ ಮಗನು ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಸೆರಗು ಮತ್ತು ಅಂಚಿನ ವಿನ್ಯಾಸಗಳನ್ನು ಬಿಡಿಸುತ್ತಾನೆ. ಅಜ್ಜನ ಕಾಲದ ಗ್ರಾಫ್ ಕಾಗದದ ನಕ್ಷೆಗಳೆಲ್ಲವನ್ನೂ ಆತನು ಒಂದೊಂದಾಗಿ ಅದರಲ್ಲಿ ತುಂಬಿಸಿಟ್ಟಿದ್ದನು.

ಆ ವಿನ್ಯಾಸಗಳನ್ನು ನೋಡುವ ಅಪೇಕ್ಷೆಯನ್ನು ನಾವು ವ್ಯಕ್ತಪಡಿಸಿದೆವು. ಆತನು ಯಂತ್ರದ ಗುಂಡಿಯನ್ನು ಒತ್ತಿದನು. ಕುಶಲಪ್ರಶ್ನೆಗಳು ಮುಗಿದವು, ತಾಯಿಯವರು ಮಜ್ಜಿಗೆ ತಂದುಕೊಟ್ಟರು, ಅದನ್ನು ಕುಡಿದದ್ದೂ ಆಯಿತು. ತೆರೆಯ ಮೇಲಿನ ಚಿಕ್ಕ ಚಕ್ರವು ಮಾತ್ರ ತಿರುಗುತ್ತಲೇ ಇದ್ದಿತು.

"ಈ ಪೆಟ್ಟಿಗೆ ಏಳೋದರೊಳಗೆ ನಾನು ಒಂದು ಬೆರಳು ನೇಯ್ದು ಮುಗಿಸ್ತೀನಿ, ಗುರುಗಳೆ" ಎಂದು ತಂದೆಯವರು ನಕ್ಕರು.

ಮಗನಿಗೆ ಅದು ನಗೆಯ ಮಾತಾಗಿರಲಿಲ್ಲ. "ದಿನಾ ಹೀಗೇ. ಕಾಲು ಗಂಟೆ ಬೇಕು. ಇದಕ್ಕೆಲ್ಲ ಆ್ಯಂಟಿವೈರಸ್ಸೇ ಕಾರಣ ಅಂತ ಅಂಗಡಿಯವರು ಹೇಳಿದ್ದಾರೆ. ಇವತ್ತು ಸಂಜೆ ಅದನ್ನು ಪೂರ್ತಿ ತೆಗೆದುಹಾಕ್ತೀನಿ" ಎಂದನು.

ಈ ಮಾತನ್ನು ಕೇಳಿ ನಾವು "ತಡೆಯಪ್ಪಾ" ಎಂದೆವು. ಹಾಗೆ ತಡೆದುದಕ್ಕೆ ಕಾರಣವಿದೆ.

2019ರಲ್ಲಿ ಚಳ್ಳಕೆರೆಯಲ್ಲಿ, ನಮಗೆ ಆಪ್ತರಾದ ಶೇಂಗಾ ವ್ಯಾಪಾರಿಗಳ ಮನೆಯೊಂದರಲ್ಲಿ ಇದೇ ತೊಂದರೆ ತಲೆದೋರಿತ್ತು. ವಹಿವಾಟಿನ ಭರದಲ್ಲಿ ಲೆಕ್ಕದ ಕಂಪ್ಯೂಟರು ಬೇಗ ಏಳುವುದಿಲ್ಲವೆಂದು ಬೇಸತ್ತು, ಅವರು ಆ್ಯಂಟಿವೈರಸ್ಸನ್ನು ತೆಗೆಸಿದರು, ಯಂತ್ರದೊಳಗೇ ಇದ್ದ ರಕ್ಷಣೆಯನ್ನೂ ನಿಲ್ಲಿಸಿದರು. ಯಂತ್ರವು ನಿಜವಾಗಿಯೂ ಚುರುಕಾಯಿತು. ಆದರೆ ಮೂರೇ ವಾರಗಳಲ್ಲಿ ಯಾರದೋ ಪೆನ್‌ಡ್ರೈವಿನ ಮೂಲಕ, ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ಬಗೆಯ ವೈರಸ್ಸು ಒಳಹೊಕ್ಕಿತು. ನಾಲ್ಕು ವರ್ಷಗಳ ಲೆಕ್ಕವೂ, ಆ ಮನೆಯ ಹಿರಿಯರು ತೀರಿಕೊಳ್ಳುವ ಮೊದಲಿನ ಭಾವಚಿತ್ರಗಳೂ ಅದರಲ್ಲಿಯೇ ಇದ್ದವು. ಲೆಕ್ಕವನ್ನು ಹಳೆಯ ರಸೀದಿಗಳಿಂದ ಹೇಗೋ ಮತ್ತೆ ಬರೆದುಕೊಂಡರು. ಭಾವಚಿತ್ರಗಳು ಮರಳಿ ದೊರೆಯಲಿಲ್ಲ. ಆ ಮನೆಯ ಸೊಸೆಯು ಕಣ್ಣೀರಿಟ್ಟುದನ್ನು ನಾವು ಕಂಡಿದ್ದೇವೆ.

ಮಠದ ಪಾಠಶಾಲೆಯಲ್ಲಿ ಓದಿದ ನಮಗೆ ಕಂಪ್ಯೂಟರಿನ ವಿದ್ಯೆ ಗುರುಮುಖದಿಂದ ಬಂದುದಲ್ಲ. ಗ್ರಂಥಸಂಪಾದನೆಯ ಕೆಲಸಕ್ಕಾಗಿ ಇಪ್ಪತ್ತು ವರ್ಷಗಳಿಂದ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡುತ್ತ, ಯಂತ್ರವು ಮೊಂಡುಬಿದ್ದಾಗಲೆಲ್ಲ ಅದನ್ನು ಚಿತ್ರದುರ್ಗದವರೆಗೆ ಹೊತ್ತೊಯ್ಯುವ ಕಷ್ಟವನ್ನು ತಪ್ಪಿಸಿಕೊಳ್ಳಲು ಅಷ್ಟಿಷ್ಟು ಕಲಿತುದು. ಹಾಗೆ ಕಲಿತುದರಲ್ಲಿ ಅನೇಕ ಮನೆಗಳಿಗೆ ಉಪಯೋಗವಾಗಬಹುದಾದ ಅಂಶಗಳನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಕಾವಲು ಏಕೆ ಬೇಕಾಯಿತು?

ವೈರಸ್ಸೆಂದರೆ ಮನುಷ್ಯರೇ ಬರೆದ ಒಂದು ತಂತ್ರಾಂಶ. ಅದು ತನ್ನನ್ನು ತಾನೇ ನಕಲುಮಾಡಿಕೊಳ್ಳುತ್ತ ಯಂತ್ರದಿಂದ ಯಂತ್ರಕ್ಕೆ ಹರಡುತ್ತದೆ. ಐ.ಬಿ.ಎಂ. ಮಾದರಿಯ ಕಂಪ್ಯೂಟರುಗಳಲ್ಲಿ ವ್ಯಾಪಕವಾಗಿ ಹರಡಿದ ಮೊದಲ ವೈರಸ್ಸು 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೈನ್'. ಅದು ಫ್ಲಾಪಿಯ ಆರಂಭದ ಭಾಗದಲ್ಲಿಯೇ, ಎಂದರೆ ಯಂತ್ರವು ಏಳುವಾಗ ಮೊದಲು ಓದುವ ಜಾಗದಲ್ಲಿಯೇ ಮನೆಮಾಡಿಕೊಂಡಿತ್ತೆಂಬುದು ಗಮನಾರ್ಹ. ಕಳ್ಳನು ಮನೆಯವರು ಏಳುವ ಮುನ್ನವೇ ಬಾಗಿಲಲ್ಲಿ ಬಂದು ನಿಲ್ಲುವನೆಂದ ಮೇಲೆ, ಕಾವಲುಗಾರನು ಅವನಿಗಿಂತ ಮೊದಲೇ ಏಳಬೇಕಾಗುತ್ತದೆ. ಆದಕಾರಣವೇ ಆ್ಯಂಟಿವೈರಸ್ಸು ಯಂತ್ರದ ಆರಂಭದಲ್ಲಿಯೇ ಕೆಲಸಕ್ಕೆ ತೊಡಗುವುದು. ಯಂತ್ರವು ತಡವಾಗಿ ಏಳುವುದಕ್ಕೂ ಅದಕ್ಕೂ ಇರುವ ಸಂಬಂಧದ ಮೂಲ ಇಲ್ಲಿದೆ.

ಯಂತ್ರವು ಏಳುವಾಗ ಸಾವಿರಾರು ಕಡತಗಳನ್ನು ತೆರೆಯುತ್ತದೆ. ಕಡತಗಳಿರುವ ಡಿಸ್ಕಿಗೂ ಅವುಗಳನ್ನು ಕೇಳುವ ತಂತ್ರಾಂಶಗಳಿಗೂ ನಡುವೆ ಆ್ಯಂಟಿವೈರಸ್ಸು ನಿಂತಿರುತ್ತದೆ. ಮಾರುಕಟ್ಟೆ ಪ್ರಾಂಗಣದ ಬಾಗಿಲಲ್ಲಿ ಒಬ್ಬನು ಪ್ರತಿಯೊಂದು ಚೀಲವನ್ನೂ ಬಿಚ್ಚಿ ನೋಡಿ ಒಳಗೆ ಬಿಡುವಂತೆ, ಅದು ಕಡತಗಳನ್ನು ಪರೀಕ್ಷಿಸಿ ಮುಂದಕ್ಕೆ ಬಿಡುತ್ತದೆ. ಒಬ್ಬನೇ ಕಾವಲುಗಾರನಿದ್ದು ಅವನು ಚುರುಕಾಗಿದ್ದರೆ ಸಾಲು ಸರಾಗವಾಗಿ ಸಾಗುತ್ತದೆ. ಸಾಲು ನಿಂತುಹೋಗುವುದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳಿರುತ್ತವೆ.

ಮೊದಲನೆಯದು, ಇಬ್ಬರು ಕಾವಲುಗಾರರಿರುವುದು. ಹೊಸ ಕಂಪ್ಯೂಟರಿನೊಡನೆ ಕೆಲವು ತಿಂಗಳ ಮಟ್ಟಿಗೆ ಉಚಿತವೆಂದು ಬಂದ ಆ್ಯಂಟಿವೈರಸ್ಸು ಒಂದು, ಅನಂತರ ಅಂಗಡಿಯಲ್ಲಿ ಹಣ ಕೊಟ್ಟು ಹಾಕಿಸಿದ್ದು ಇನ್ನೊಂದು. ಒಬ್ಬನು ನೋಡಿದ ಚೀಲವನ್ನೇ ಇನ್ನೊಬ್ಬನೂ ಬಿಚ್ಚುತ್ತಾನೆ. ಸಾಲದೆಂಬಂತೆ ಅವರಿಬ್ಬರೂ ಪರಸ್ಪರರನ್ನೇ ಸಂಶಯದಿಂದ ನೋಡತೊಡಗುತ್ತಾರೆ. ಅವಧಿ ಮುಗಿದ ಆ್ಯಂಟಿವೈರಸ್ಸು ಹೊಸ ವೈರಸ್ಸುಗಳನ್ನು ಗುರುತಿಸುವ ಶಕ್ತಿಯನ್ನು ಕಳೆದುಕೊಂಡರೂ ಬಾಗಿಲನ್ನು ಬಿಟ್ಟು ಕದಲುವುದಿಲ್ಲ.

ಎರಡನೆಯದು, ನಿಗದಿತ ತಪಾಸಣೆ. ಪ್ರತಿದಿನ ಇಂತಿಷ್ಟು ಹೊತ್ತಿಗೆ ಇಡೀ ಡಿಸ್ಕನ್ನು ಶೋಧಿಸಬೇಕೆಂದು ಗೊತ್ತುಪಡಿಸಿರುತ್ತಾರೆ. ಆ ಹೊತ್ತಿನಲ್ಲಿ ಯಂತ್ರವು ಆರಿದ್ದರೆ, ತಪ್ಪಿಹೋದ ಕೆಲಸವನ್ನು ಮರುದಿನ ಯಂತ್ರವನ್ನು ಹಾಕಿದ ಕೂಡಲೆ ಆರಂಭಿಸುವ ಏರ್ಪಾಡು ಹಲವು ಆ್ಯಂಟಿವೈರಸ್ಸುಗಳಲ್ಲಿರುತ್ತದೆ.

ಮೂರನೆಯದು, ಹೊಸ ವೈರಸ್ಸುಗಳ ಗುರುತಿನ ಪಟ್ಟಿಯನ್ನು ಇಂಟರ್‌ನೆಟ್ಟಿನಿಂದ ತರಿಸಿಕೊಳ್ಳುವುದೂ ಇದೇ ಹೊತ್ತಿನಲ್ಲಿ ನಡೆಯುವುದು.

ನಾಲ್ಕನೆಯದು ಆ್ಯಂಟಿವೈರಸ್ಸಿನ ದೋಷವೇ ಅಲ್ಲ. ಹಳೆಯ ಕಂಪ್ಯೂಟರುಗಳಲ್ಲಿರುವ ಹಾರ್ಡ್‌ಡಿಸ್ಕು ತಿರುಗುವ ಬಿಲ್ಲೆ. ನಿಮಿಷಕ್ಕೆ 5400 ಸುತ್ತು ತಿರುಗುವ ಬಿಲ್ಲೆಯು ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಅಲ್ಲಲ್ಲಿ ಚದುರಿದ ಚಿಕ್ಕಚಿಕ್ಕ ಕಡತಗಳನ್ನು ಓದುವಾಗ ಮುಳ್ಳು ಅತ್ತಿಂದಿತ್ತ ಓಡಾಡಬೇಕಾದುದರಿಂದ, ಸೆಕೆಂಡಿಗೆ ನೂರರಷ್ಟು ಸಲ ಓದುವುದೂ ಅದಕ್ಕೆ ಕಷ್ಟ. ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ.ಯು ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡಬಲ್ಲುದು. ಕಿರಿದಾದ ಬಾಗಿಲಲ್ಲಿ ಕಾವಲುಗಾರನೊಬ್ಬನನ್ನು ನಿಲ್ಲಿಸಿದರೆ ತಪ್ಪು ಕಾವಲುಗಾರನದೋ ಬಾಗಿಲಿನದೋ ಎಂಬುದು ವಿಚಾರಣೀಯ.

ಮೊಳಕಾಲ್ಮೂರಿನಲ್ಲಿ ನಾವು ಮಾಡಿದ್ದು

ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಒಂದು ಅಭ್ಯಾಸವಿರುತ್ತದೆ. ಪಾಠಾಂತರ ಕಂಡಾಗ ಊಹೆಯಿಂದ ತಿದ್ದದೆ, ಮೊದಲು ಇದ್ದುದನ್ನು ಇದ್ದಂತೆ ಗುರುತು ಹಾಕಿಕೊಳ್ಳುವುದು. ನಾವು ಹುಡುಗನಿಗೆ ಮೊದಲು ಹೇಳಿದ್ದು ಇಷ್ಟೆ: "ಯಾವುದನ್ನೂ ತೆಗೆಯಬೇಡ. ಒಂದು ಕಾಗದ ತಾ, ಗಡಿಯಾರ ನೋಡು."

ಯಂತ್ರವನ್ನು ಆರಿಸಿ ಮತ್ತೆ ಹಾಕಿದೆವು. ಗುಂಡಿ ಒತ್ತಿದಾಗಿನಿಂದ ವಿಂಡೋಸಿನ ಗುರುತು ಮೂಡುವವರೆಗೆ 20 ಸೆಕೆಂಡು. ಅಲ್ಲಿಂದ ಗುಪ್ತಪದ ಕೇಳುವವರೆಗೆ ಒಂದೂವರೆ ನಿಮಿಷ. ಗುಪ್ತಪದ ಕೊಟ್ಟ ಮೇಲೆ ಕೆಲಸಕ್ಕೆ ಒದಗುವವರೆಗೆ 12 ನಿಮಿಷ. ಈ ಮೂರು ಅಂಕಿಗಳೇ ಅರ್ಧ ರೋಗನಿದಾನವೆನ್ನಬಹುದು. ವಿಂಡೋಸಿನ ಗುರುತು ಮೂಡುವುದಕ್ಕೆ ಮೊದಲೇ ವಿಳಂಬವಾದರೆ ಅದು ಯಂತ್ರಭಾಗದ ದೋಷ, ಏಕೆಂದರೆ ಆ್ಯಂಟಿವೈರಸ್ಸು ಆಗಿನ್ನೂ ಎದ್ದಿರುವುದಿಲ್ಲ. ಕೊನೆಯ ಘಟ್ಟದಲ್ಲಿ ವಿಳಂಬವಾದರೆ ಆರಂಭದಲ್ಲಿ ಏಳುವ ತಂತ್ರಾಂಶಗಳನ್ನು ಶಂಕಿಸಬೇಕು. ಇಲ್ಲಿ ಆದದ್ದು ಎರಡನೆಯದು.

ಅನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ 'ಟಾಸ್ಕ್ ಮ್ಯಾನೇಜರ್' ತೆರೆದೆವು. ಯಾವ ತಂತ್ರಾಂಶವು ಎಷ್ಟು ಕೆಲಸ ಮಾಡುತ್ತಿದೆಯೆಂಬುದನ್ನು ಅದು ತೋರಿಸುತ್ತದೆ. ಡಿಸ್ಕಿನ ಅಂಕಣದಲ್ಲಿ ನೂರಕ್ಕೆ ನೂರು ಎಂದಿತ್ತು. ಅದರ ಬಹುಪಾಲನ್ನು ಬಳಸುತ್ತಿದ್ದುದು ಒಂದು ಆ್ಯಂಟಿವೈರಸ್ಸಲ್ಲ, ಎರಡು! 2018ರಲ್ಲಿ ಯಂತ್ರದೊಡನೆ ಬಂದಿದ್ದ ಉಚಿತ ಆ್ಯಂಟಿವೈರಸ್ಸಿನ ಅವಧಿ ಆ ವರ್ಷವೇ ಮುಗಿದಿತ್ತು. ಮನೆಯವರು ಅದನ್ನು ಮರೆತೇಬಿಟ್ಟಿದ್ದರು. ಅಂಗಡಿಯವರು ಅದನ್ನು ತೆಗೆಯದೆಯೇ ಅದರ ಮೇಲೆ ಇನ್ನೊಂದನ್ನು ಹಾಕಿಕೊಟ್ಟಿದ್ದರು.

ಅವಧಿ ಮುಗಿದದ್ದನ್ನು ಮೊದಲು ತೆಗೆದೆವು. ಸಾಮಾನ್ಯ ರೀತಿಯಲ್ಲಿ ತೆಗೆದರೆ ಆ್ಯಂಟಿವೈರಸ್ಸಿನ ಬೇರುಗಳು ಉಳಿದುಕೊಳ್ಳುವುದುಂಟು. ಅದಕ್ಕಾಗಿಯೇ ಹಲವು ತಯಾರಕರು ಪ್ರತ್ಯೇಕವಾದ ತೆಗೆಯುವ ಸಾಧನವನ್ನು ತಮ್ಮ ತಾಣದಲ್ಲಿ ಇಟ್ಟಿರುತ್ತಾರೆ. ಅದನ್ನು ಬಳಸಿ, ಯಂತ್ರವನ್ನು ಮತ್ತೆ ಎಬ್ಬಿಸಿ ಗಡಿಯಾರ ನೋಡಿದೆವು. 12 ನಿಮಿಷಗಳಿದ್ದದ್ದು 6 ಆಯಿತು. ಉಳಿದ ಆ್ಯಂಟಿವೈರಸ್ಸಿನ ತಪಾಸಣೆಯ ಸಮಯವನ್ನು ನೋಡಿದರೆ ರಾತ್ರಿ 2 ಗಂಟೆಯೆಂದಿತ್ತು. ಆ ಹೊತ್ತಿನಲ್ಲಿ ಯಂತ್ರವನ್ನು ಹಾಕುವವರು ಯಾರು? ಅದನ್ನು ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಬದಲಾಯಿಸಿದೆವು. 4 ನಿಮಿಷಗಳಾಯಿತು. ಟಾಸ್ಕ್ ಮ್ಯಾನೇಜರಿನ 'ಸ್ಟಾರ್ಟ್‌ಅಪ್' ಪುಟದಲ್ಲಿ ಬೇಡದ ಕೆಲವು ತಂತ್ರಾಂಶಗಳಿದ್ದವು. ಅವುಗಳನ್ನು ಒಂದೊಂದಾಗಿ ನಿಲ್ಲಿಸಿದ ಮೇಲೆ 3 ನಿಮಿಷಕ್ಕೆ ಬಂದಿತು. ಆ ಮೂರು ನಿಮಿಷಗಳು ತಿರುಗುವ ಬಿಲ್ಲೆಯ ಪಾಲಿನವು. ಮರುವಾರ ಆ ಹುಡುಗನು ಎಸ್.ಎಸ್.ಡಿ. ಹಾಕಿಸಿಕೊಂಡು, ಈಗ ಅರ್ಧ ನಿಮಿಷದೊಳಗೆ ಯಂತ್ರವು ಏಳುತ್ತದೆಂದು ದೂರವಾಣಿಯಲ್ಲಿ ತಿಳಿಸಿದನು. ಆ್ಯಂಟಿವೈರಸ್ಸು ಇಂದಿಗೂ ಅಲ್ಲಿಯೇ ಇದೆ.

ಓದುಗರು ತಾವೇ ಮಾಡಿಕೊಳ್ಳಬಹುದಾದ ಕ್ರಮ

1. ಮೊದಲು ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲುಮಾಡಿಕೊಳ್ಳಿರಿ. ನಿಧಾನತೆಯು ಹಾರ್ಡ್‌ಡಿಸ್ಕು ಸಾಯುತ್ತಿರುವುದರ ಲಕ್ಷಣವೂ ಆಗಿರಬಹುದು.

2. ಯಂತ್ರವು ಏಳುವ ಮೂರು ಘಟ್ಟಗಳ ಸಮಯವನ್ನು ಬರೆದುಕೊಳ್ಳಿರಿ. ಈಚಿನ ವಿಂಡೋಸ್‌ಗಳಲ್ಲಿ ಆರಿಸಿ ಹಾಕುವುದಕ್ಕೂ 'ರೀಸ್ಟಾರ್ಟ್' ಮಾಡುವುದಕ್ಕೂ ವ್ಯತ್ಯಾಸವಿದೆ. ಆರಿಸುವಾಗ ವಿಂಡೋಸ್ ತನ್ನ ಸ್ಥಿತಿಯ ಒಂದು ಭಾಗವನ್ನು ಕಾಪಿಟ್ಟುಕೊಳ್ಳುತ್ತದೆ, ರೀಸ್ಟಾರ್ಟಿನಲ್ಲಿ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಆದುದರಿಂದ ಪ್ರತಿಸಲವೂ ಒಂದೇ ಬಗೆಯಲ್ಲಿ ಅಳೆಯಬೇಕು.

3. 'ವಿಂಡೋಸ್ ಸೆಕ್ಯೂರಿಟಿ' ಪುಟದಲ್ಲಿ ಯಾವ ಯಾವ ಆ್ಯಂಟಿವೈರಸ್ಸುಗಳಿವೆಯೆಂಬುದನ್ನು ನೋಡಿರಿ. ಒಂದಕ್ಕಿಂತ ಹೆಚ್ಚಿದ್ದರೆ ಒಂದನ್ನು ಮಾತ್ರ ಉಳಿಸಿಕೊಳ್ಳಿರಿ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ 'ಡಿಫೆಂಡರ್' ಎಂಬ ಆ್ಯಂಟಿವೈರಸ್ಸು ವಿಂಡೋಸಿನೊಳಗೇ ಇರುತ್ತದೆ. ಬೇರೊಂದನ್ನು ಹಾಕಿದಾಗ ಸಾಮಾನ್ಯವಾಗಿ ಅದು ತಾನಾಗಿ ಹಿಂದೆ ಸರಿಯುತ್ತದೆ, ಆ ಬೇರೊಂದನ್ನು ತೆಗೆದಾಗ ಮತ್ತೆ ಎದ್ದುನಿಲ್ಲುತ್ತದೆ. ಎದ್ದುನಿಂತಿದೆಯೆಂಬುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿರಿ.

4. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಸಮಯವನ್ನು ಅಳೆಯಿರಿ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

5. ಕಾರಣವು ಗೊತ್ತಾಗದಿದ್ದರೆ ಯಂತ್ರವನ್ನು 'ಸೇಫ್ ಮೋಡ್'ನಲ್ಲಿ ಎಬ್ಬಿಸಿ ನೋಡಿರಿ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿದರೆ ಆ ದಾರಿ ತೆರೆಯುತ್ತದೆ. ಆಗ ಅತ್ಯಗತ್ಯವಾದವುಗಳು ಮಾತ್ರ ಏಳುತ್ತವೆ. ಅಲ್ಲಿಯೂ ನಿಧಾನವಾದರೆ ಡಿಸ್ಕನ್ನು ಪರೀಕ್ಷಿಸಬೇಕು. ಅಲ್ಲಿ ಚುರುಕಾದರೆ ಆರಂಭದಲ್ಲಿ ಏಳುವ ಯಾವುದೋ ತಂತ್ರಾಂಶವು ಕಾರಣವೆಂದು ತಿಳಿಯಬೇಕು. ಅದು ಆ್ಯಂಟಿವೈರಸ್ಸೇ ಆಗಿರಬೇಕೆಂದಿಲ್ಲ. ಡಿಸ್ಕಿಗೆ 'ಬಿಟ್‌ಲಾಕರ್' ಬೀಗ ಹಾಕಿರುವ ಯಂತ್ರಗಳಲ್ಲಿ ಅದರ ಕೀಲಿಸಂಖ್ಯೆಯನ್ನು ಕೇಳುವ ಸಂಭವವಿರುವುದರಿಂದ, ಮೊದಲೇ ಅದನ್ನು ಬರೆದಿಟ್ಟುಕೊಳ್ಳುವುದು ಲೇಸು.

6. ಕೆಲವು ಕಡೆ ಯಂತ್ರವನ್ನು ಚುರುಕುಗೊಳಿಸಲು ಇಡೀ 'ಸಿ' ಡ್ರೈವನ್ನೇ ತಪಾಸಣೆಯಿಂದ ಬಿಟ್ಟುಬಿಡುವಂತೆ ಮಾಡಿಕೊಡುತ್ತಾರೆ. ಇದು ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ ಬಾಗಿಲಲ್ಲಿ ಕೂರಿಸಿದಂತೆ. ಇದನ್ನು ಒಪ್ಪಿಕೊಳ್ಳಬಾರದು.

7. ನಿಮ್ಮ ಯಂತ್ರವು ನಿಧಾನವಾಗಿದೆ, ದೂರದಿಂದಲೇ ಸರಿಪಡಿಸುತ್ತೇವೆಂದು ತಾವಾಗಿ ಕರೆಮಾಡುವವರಿಗೆ ಯಂತ್ರವನ್ನು ಒಪ್ಪಿಸಲೇಬಾರದು. ಅವರು ವಂಚಕರು.

ಇಷ್ಟನ್ನೂ ಹೇಳಿದ ಮೇಲೆ ಕಾವಲುಗಾರನ ತಪ್ಪನ್ನು ಮುಚ್ಚಿಡುವುದೂ ಸರಿಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯು ಕಳುಹಿಸಿದ ದೋಷಯುಕ್ತ ಪರಿಷ್ಕರಣೆಯೊಂದರಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಏಳಲಾರದೆ ನೀಲಿ ತೆರೆಯನ್ನು ತೋರಿಸಿ ನಿಂತುಬಿಟ್ಟವು. ಅದು ದೊಡ್ಡ ಸಂಸ್ಥೆಗಳು ಬಳಸುವ ರಕ್ಷಣಾ ತಂತ್ರಾಂಶವಾದುದರಿಂದ ಮನೆಯ ಯಂತ್ರಗಳಿಗೆ ಬಾಧೆ ತಟ್ಟಲಿಲ್ಲ. ಆದರೆ ಬೆಂಗಳೂರು ಸೇರಿದಂತೆ ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರು ಪರದಾಡಿದರು, ಕೆಲವೆಡೆ ಪ್ರವೇಶಪತ್ರಗಳನ್ನು ಕೈಯಿಂದ ಬರೆದುಕೊಡಬೇಕಾಯಿತು. ಅನೇಕ ಕಡೆ ಒಂದೊಂದು ಯಂತ್ರದ ಮುಂದೆಯೂ ಒಬ್ಬರು ಕುಳಿತು, ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ದೋಷದ ಕಡತವನ್ನು ಅಳಿಸಬೇಕಾಯಿತು. ಆ್ಯಂಟಿವೈರಸ್ಸು ಯಂತ್ರದ ಬಹು ಒಳಗಿನ ಪದರದಲ್ಲಿ ಕೆಲಸಮಾಡುವುದರಿಂದಲೇ ಅದು ಎಡವಿದಾಗ ಇಡೀ ಯಂತ್ರವೇ ಬೀಳುತ್ತದೆ. ಇದರಿಂದ ಅದನ್ನು ತ್ಯಜಿಸಬೇಕೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಅದೊಂದನ್ನೇ ನೆಚ್ಚಿ ಕೂರಬಾರದೆಂಬುದು ಮಾತ್ರ ಸ್ಪಷ್ಟ.

ಅಂತೆಯೇ, ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ತಯಾರಕರ ಸಾಮಾನ್ಯ ಬೆಂಬಲವು ಮುಕ್ತಾಯಗೊಂಡಿದೆ. ಗೋಡೆಯ ಬಿರುಕನ್ನು ಮುಚ್ಚುವವರಿಲ್ಲದ ಮನೆಯಲ್ಲಿ ಬಾಗಿಲ ಕಾವಲಿನಿಂದ ಪೂರ್ಣ ರಕ್ಷಣೆ ದೊರೆಯದು. ಅಂತಹ ಯಂತ್ರಗಳಲ್ಲಿ ಬ್ಯಾಂಕಿನ ವ್ಯವಹಾರವನ್ನು ಇಟ್ಟುಕೊಳ್ಳದಿರುವುದು ಕ್ಷೇಮ.

ಮೊಳಕಾಲ್ಮೂರಿನಲ್ಲಿ ಅಂದು ಕೆಲಸವು ಮುಗಿದಾಗ ಸಂಜೆಯಾಗಿತ್ತು. ಹುಡುಗನು ಅಜ್ಜನ ವಿನ್ಯಾಸಗಳನ್ನು ಒಂದೊಂದಾಗಿ ತೆರೆದು ತೋರಿಸಿದನು. "ಇದಕ್ಕೆ ಇನ್ನೊಂದು ನಕಲು ಎಲ್ಲಿದೆ?" ಎಂದು ಕೇಳಿದೆವು. ಆತನು ಸುಮ್ಮನಾದನು. ಕಾಗದದ ಮೂಲ ನಕ್ಷೆಗಳಲ್ಲಿ ಬಹುಪಾಲು ಗೆದ್ದಲು ತಿಂದು ಹೋಗಿದ್ದವಂತೆ. ನಾವು ತಡೆಯದಿದ್ದರೆ ಆ ಸಂಜೆ ಕಾವಲೇ ಇಲ್ಲದಾಗುತ್ತಿದ್ದ ಯಂತ್ರದಲ್ಲಿ, ಮೂರು ತಲೆಮಾರಿನ ದುಡಿಮೆಯು ಒಂದೇ ಒಂದು ಪ್ರತಿಯಾಗಿ ಉಳಿದಿತ್ತು.

ಆಗ ಮಗ್ಗದಿಂದ ಎದ್ದುಬಂದ ತಂದೆಯವರು, "ಅಟ್ಟದ ಮೇಲೆ ರಟ್ಟುಗಳು ಇದಾವೆ, ಗುರುಗಳೆ" ಎಂದರು. ಏಣಿ ಹಾಕಿ ಇಳಿಸಿದರು. ಜಕಾರ್ಡ್ ಮಗ್ಗಕ್ಕೆ ಪೋಣಿಸುವ, ತೂತು ಹೊಡೆದ ರಟ್ಟಿನ ಪಟ್ಟಿಗಳು, ಹಳೆಯ ಪಂಚೆಯಲ್ಲಿ ಸುತ್ತಿಟ್ಟವು. ಒಂದೊಂದು ತೂತೂ ಒಂದೊಂದು ಎಳೆಯನ್ನು ಏಳಿಸಬೇಕೋ ಬೇಡವೋ ಎಂದು ಮಗ್ಗಕ್ಕೆ ತಿಳಿಸುತ್ತದೆ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಎಂಬಾತನು ರೂಪಿಸಿದ ಮಗ್ಗದ ಈ ರಟ್ಟಿನಿಂದಲೇ ಚಾರ್ಲ್ಸ್ ಬ್ಯಾಬೇಜನು ತನ್ನ ಗಣನಯಂತ್ರದ ಕಲ್ಪನೆಗೆ ಒಂದು ಮುಖ್ಯ ಅಂಶವನ್ನು ಎರವಲು ಪಡೆದನು. ಒಳಕೋಣೆಯ ಕಂಪ್ಯೂಟರಿಗೆ ಅಟ್ಟದ ಮೇಲಿನ ರಟ್ಟುಗಳು ಒಂದು ರೀತಿಯಲ್ಲಿ ಪೂರ್ವಜರೇ ಸರಿ. ಆದರೆ ಅಲ್ಲಿದ್ದವು ಹನ್ನೊಂದು ವಿನ್ಯಾಸಗಳ ರಟ್ಟುಗಳು ಮಾತ್ರ. ಯಂತ್ರದಲ್ಲಿದ್ದವು ನೂರಕ್ಕೂ ಹೆಚ್ಚು.

ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಎರಡು ಸಾವಿರಕ್ಕೂ ಮಿಕ್ಕಿದ ವರ್ಷಗಳ ಮೇಲೆ ಆ ಅಕ್ಷರಗಳು ನಮಗೆ ದೊರೆತವು. ಮೂರು ಕಡೆ ಒಂದೇ ಮಾತನ್ನು ಕೆತ್ತಿಸಿದ್ದರಿಂದ ಒಂದು ಕಡೆ ಸವೆದುದನ್ನು ಇನ್ನೊಂದು ಕಡೆ ಓದಿಕೊಳ್ಳಲು ವಿದ್ವಾಂಸರಿಗೆ ಅನುಕೂಲವಾಯಿತು. ಈ ಮಾತನ್ನು ಹುಡುಗನಿಗೆ ಹೇಳಿ, ಮೂರು ಪ್ರತಿಗಳನ್ನು ಮಾಡಿಡುವಂತೆ ಸೂಚಿಸಿದೆವು.

ಆತನು ಹಾಗೆಯೇ ಮಾಡಿದ್ದಾನೆ. ಒಂದು ಯಂತ್ರದಲ್ಲಿದೆ, ಒಂದು ಯಂತ್ರಕ್ಕೆ ಸದಾ ತಗುಲಿಸಿಡದ ಹೊರಡಿಸ್ಕಿನಲ್ಲಿ ಆ ಮನೆಯ ಪೆಟ್ಟಿಗೆಯಲ್ಲಿದೆ, ಇನ್ನೊಂದು ಚಳ್ಳಕೆರೆಯಲ್ಲಿರುವ ಅಕ್ಕನ ಮನೆಯಲ್ಲಿದೆ. ಹೊರಡಿಸ್ಕನ್ನು ಸದಾ ತಗುಲಿಸಿಟ್ಟರೆ ಒತ್ತೆಹಣದ ವೈರಸ್ಸು ಅದಕ್ಕೂ ಬೀಗ ಜಡಿಯುತ್ತದೆಂಬುದನ್ನು ಓದುಗರು ಮರೆಯಬಾರದು. ಆ ಮೂರನೆಯ ಪ್ರತಿಯನ್ನು ಚಳ್ಳಕೆರೆಗೆ ತಲಪಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಸಂಜೆಯ ಬಸ್ಸಿನಲ್ಲಿ ಅದನ್ನು ಚೀಲದಲ್ಲಿಟ್ಟುಕೊಂಡು ಬಂದು, ರಾತ್ರಿಯೇ ಆ ತಾಯಿಯ ಕೈಗೆ ಕೊಟ್ಟೆವು. ಅವರು ಅದನ್ನು ಕಬ್ಬಿಣದ ಬೀರುವಿನಲ್ಲಿ, ತಮ್ಮ ಮದುವೆಯ ಸೀರೆಯ ಕೆಳಗೆ ಇಟ್ಟರು.